ಒಂದು ರೇವು, ಮೂರು ಸರಕಾರಗಳು

(ಊರಿನ ವಾಚನಾಲಯದ ಸಭೆಯಲ್ಲಿ ಮಾಡಿದ ಭಾಷಣ)



ಯಾತ್ರೆಗೆ ಹೋಗಿಬಂದವರು ಗಂಗೆಯ ತಂಬಿಗೆಯನ್ನು ತಂದು ನೆರೆಹೊರೆಯವರಿಗೆ ತೀರ್ಥ ಹಂಚುವದು ನಮ್ಮ ಹಿರಿಯರ ವಾಡಿಕೆ. ನಾವು ಕೊಚ್ಚಿಗೆ ಹೋಗಿ ಬಂದೆವು. ಹಂಚುವದಕ್ಕೆ ನಮ್ಮಲ್ಲಿ ತೀರ್ಥವಿಲ್ಲ. ಆ ರೇವಿನ ದಂಡೆಯಲ್ಲಿ ನಿಂತಾಗ ಮನಸ್ಸಿಗೆ ನಾಟಿದ ಒಂದು ವಿಚಾರವಿದೆ. ಅದನ್ನೇ ಈ ಹೊತ್ತು ತಮ್ಮ ಮುಂದಿಡುವೆವು.

ಎರ್ಣಾಕುಲದ ಕಟ್ಟೆಯಲ್ಲಿ ದೋಣಿ ಹತ್ತಿ ಪಡುವಣಕ್ಕೆ ಹೊರಟರೆ, ಹಿನ್ನೀರಿನ ನಡುವೆ ವಿಲ್ಲಿಂಗ್ಡನ್ ದ್ವೀಪ ಸಿಗುವದು. ಅದನ್ನು ದಾಟಿದರೆ ಬಲಕ್ಕೆ ವೈಪೀನ್ ದ್ವೀಪ, ಎಡಕ್ಕೆ ಕೊಚ್ಚಿಯ ಕೋಟೆಪೇಟೆ. ಎರಡರ ನಡುವಿನ ಬಾಯಿಯಿಂದ ಹಡಗುಗಳು ಕಡಲಿಗೆ ಹೋಗುವವು. ಕೋಟೆಪೇಟೆಯ ದಂಡೆಯಲ್ಲಿ ಚೀನೀ ಬಲೆಗಳು ಸಾಲಾಗಿ ನಿಂತಿವೆ. ಉದ್ದನೆಯ ಮರದ ತೊಲೆಗಳ ಒಂದು ತುದಿಗೆ ಬಲೆ, ಇನ್ನೊಂದು ತುದಿಗೆ ಹಗ್ಗದಲ್ಲಿ ತೂಗುಬಿಟ್ಟ ಕಲ್ಲುಗಳು. ನಾಲ್ಕಾರು ಜನ ಕೂಡಿ ಹಗ್ಗ ಜಗ್ಗಿದರೆ ಮನೆಯಷ್ಟು ಅಗಲದ ಬಲೆ ನೀರಿನಿಂದ ಮೇಲೇಳುವದು. ಒಬ್ಬನ ಕೈಯಿಂದ ಏಳುವ ಬಲೆ ಅದಲ್ಲ.

ದೋಣಿಯಲ್ಲಿ ಕುಳಿತು ಅರ್ಧ ತಾಸಿನಲ್ಲಿ ನಾವು ಕಂಡ ಈ ಸ್ಥಳವೆಲ್ಲ ೧೯೪೭ಕ್ಕೆ ಮುಂಚೆ ಒಂದು ಸರಕಾರದ್ದಾಗಿರಲಿಲ್ಲ. ಕೋಟೆಪೇಟೆಯು ಬ್ರಿಟಿಷರದು, ಮದ್ರಾಸಿನ ಗವರ್ನರನ ಕೈಕೆಳಗಿನ ಮಲಬಾರು ಜಿಲ್ಲೆಗೆ ಸೇರಿದ್ದು. ಅದಕ್ಕೆ ಅಂಟಿಕೊಂಡ ಮಟ್ಟಾಂಚೇರಿಯೂ, ನೀರಿನಾಚೆಯ ಎರ್ಣಾಕುಲವೂ ಕೊಚ್ಚಿ ಮಹಾರಾಜರವು. ಎರ್ಣಾಕುಲದಿಂದ ತುಸು ದೂರ ನಡೆದು ಇಡಪ್ಪಳ್ಳಿಗೆ ಹೋದರೆ ಅದು ತಿರುವಿತಾಂಕೂರು. ಮೂರು ಕಡೆಯಲ್ಲಿಯೂ ತಾಯಿ ಮಗುವನ್ನು ಜೋಗುಳ ಹಾಡಿ ಮಲಗಿಸುವ ನುಡಿ ಮಲೆಯಾಳವೇ. ಆದರೆ ಸರಕಾರ ಬೇರೆ, ಕಾಯಿದೆ ಬೇರೆ, ಕೋರ್ಟು ಬೇರೆ. ವಕೀಲ ವೃತ್ತಿಯವರಾದ ನಾವು ಇಂತಹ ಎಲ್ಲೆಗಳಿಂದ ಅನ್ನ ತಿನ್ನುವವರು. ಆದರೂ ಒಂದು ಬೀದಿಯ ಎರಡು ತುದಿಗಳಿಗೆ ಎರಡು ರಾಜ್ಯಗಳಿದ್ದುವೆಂದು ತಿಳಿದಾಗ ನಮಗೂ ನಗೆ ಬಂತು. ಆ ಮೇಲೆ ನಮ್ಮ ನಾಡಿನ ನೆನಪಾಗಿ ನಗೆ ಅಡಗಿತು.

ಈ ರೇವಿನ ಹುಟ್ಟೇ ಒಂದು ಕಥೆ. ಇದಕ್ಕಿಂತ ಹಿರಿಯದಾದ ರೇವು ಉತ್ತರಕ್ಕೆ, ಪೆರಿಯಾರ್ ನದಿಯ ಮುಖದಲ್ಲಿರುವ ಕೊಡುಂಗಲ್ಲೂರಿನ ಕಡೆಯಲ್ಲಿತ್ತು. ಯವನರು ಮುಜಿರಿಸ್ ಎಂದದ್ದು, ತಮಿಳು ಸಂಗಮ ಕಾವ್ಯಗಳು ಮುಚಿರಿ ಎಂದದ್ದು ಅದನ್ನೇ. ಬಂಗಾರವನ್ನು ಕೊಟ್ಟು ಕಾಳುಮೆಣಸನ್ನು ಒಯ್ಯುತ್ತಿದ್ದ ಕಾಲವದು. ೧೩೪೧ರಲ್ಲಿ ಪೆರಿಯಾರ್ ಮಹಾಪೂರ ಬಂದು ಆ ರೇವು ಹೂಳಿತು, ಕೊಚ್ಚಿಯ ಬಾಯಿ ತೆರೆಯಿತು ಎಂದು ಇತಿಹಾಸಕಾರರು ಹೇಳುವರು. ಅಲ್ಲಿಗೆ ೧೫೦೦ರಲ್ಲಿ ಪೋರ್ತುಗೀಜರು ಬಂದರು. ೧೬೬೩ರಲ್ಲಿ ಡಚ್ಚರು ಅವರನ್ನು ಅಟ್ಟಿದರು. ೧೭೯೫ರಲ್ಲಿ ಇಂಗ್ಲಿಷರು ಡಚ್ಚರನ್ನು ಅಟ್ಟಿದರು. ವಾಸ್ಕೋ ಡ ಗಾಮನು ೧೫೨೪ರಲ್ಲಿ ಸತ್ತದ್ದು ಕೊಚ್ಚಿಯಲ್ಲಿಯೇ. ಅವನನ್ನು ಹೂಳಿದ ಸ್ಥಳವನ್ನು ಸಂತ ಫ್ರಾನ್ಸಿಸರ ಇಗರ್ಜಿಯಲ್ಲಿ ಈಗಲೂ ತೋರಿಸುವರು. ಆದರೆ ಎಲುಬುಗಳು ಅಲ್ಲಿಲ್ಲ; ೧೫೩೯ರಲ್ಲಿ ಅವನ ನಾಡಿನವರು ಅವನ್ನು ಒಯ್ದರು. ಮೆಣಸು ಮಾತ್ರ ಇಲ್ಲಿಯೇ ಬೆಳೆಯುತ್ತಲಿದೆ. ನಮ್ಮ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ತುಗೀಜರು ಮೆಣಸಿನ ರಾಣಿಯೆಂದು ಕರೆದದ್ದನ್ನು ನೆನೆದರೆ, ಈ ಕರಾವಳಿಯ ಭಾಗ್ಯವೂ ದುರ್ಭಾಗ್ಯವೂ ಒಂದೇ ಬಳ್ಳಿಯಲ್ಲಿ ಹುಟ್ಟಿದುವೆಂದು ತಿಳಿಯುವದು.

ಇಷ್ಟೆಲ್ಲ ಜನ ಹೊಡೆದಾಡಿದ ರೇವಿನ ಬಾಯಿಯಲ್ಲಿ ಮರಳಿನ ದಿಬ್ಬವೊಂದು ಅಡ್ಡವಿದ್ದಿತು. ದೊಡ್ಡ ಹಡಗುಗಳು ಹೊರಗಿನ ಕಡಲಿನಲ್ಲಿಯೇ ಲಂಗರು ಹಾಕಬೇಕು. ಸರಕನ್ನು ಸಣ್ಣ ದೋಣಿಗಳಲ್ಲಿ ಸಾಗಿಸಬೇಕು. ಮಳೆಗಾಲ ಬಂತೆಂದರೆ ಆ ಕೆಲಸ ಜೀವಕ್ಕೆ ಸಂಚಕಾರ. ೧೯೨೦ರಲ್ಲಿ ಬಂದ ರಾಬರ್ಟ್ ಬ್ರಿಸ್ಟೋ ಎಂಬ ಎಂಜಿನಿಯರನು ದಿಬ್ಬವನ್ನು ಕಡಿದು ಒಳರೇವನ್ನು ತೆರೆಯುವ ಕಾರ್ಯ ಹಿಡಿದನು. ೧೯೨೮ರ ಮೇ ತಿಂಗಳಲ್ಲಿ ‘ಪದ್ಮಾ’ ಎಂಬ ಹಡಗು ಒಳರೇವಿಗೆ ಬಂತು. ಅಗೆದು ತೆಗೆದ ಮರಳು ಮಣ್ಣಿನಿಂದಲೇ ಮೇಲೆ ಹೇಳಿದ ವಿಲ್ಲಿಂಗ್ಡನ್ ದ್ವೀಪ ಎದ್ದಿತು. ಆದರೆ ಮಣ್ಣು ಅಗೆದರೆ ಸಾಕಾಗಲಿಲ್ಲ. ಭಾರತ ಸರಕಾರ, ಮದ್ರಾಸು ಸರಕಾರ, ಕೊಚ್ಚಿ, ತಿರುವಿತಾಂಕೂರು — ನಾಲ್ವರೂ ಕುಳಿತು ವೆಚ್ಚವೆಷ್ಟು, ಸುಂಕದ ಪಾಲೆಷ್ಟು ಎಂದು ಒಪ್ಪಂದ ಮಾಡಿಕೊಳ್ಳಬೇಕಾಯಿತು. ಕಡಲಿನ ದಿಬ್ಬವನ್ನು ಯಂತ್ರ ಕಡಿಯಿತು. ಸರಕಾರಗಳ ನಡುವಣ ದಿಬ್ಬವು ಮತ್ತೂ ಬಹುಕಾಲ ಉಳಿಯಿತು.

ಸುತ್ತಲಿನ ಪ್ರದೇಶಕ್ಕೆ ಹೋದರೂ ಇದೇ ಮಾತು. ಕೊಡುಂಗಲ್ಲೂರು ಕೊಚ್ಚಿ ಸಂಸ್ಥಾನದ್ದು. ಅದರ ತೆಂಕಣಕ್ಕೆ ಸಮೀಪದಲ್ಲಿಯೇ ಇರುವ ಪಟ್ಟಣಂ ಎಂಬ ಹಳ್ಳಿ ತಿರುವಿತಾಂಕೂರಿನದು. ಆ ಹಳ್ಳಿಯಲ್ಲಿ ೨೦೦೭ರಿಂದ ನಡೆದ ಉತ್ಖನನದಲ್ಲಿ ರೋಮನರ ಮದ್ಯದ ಗಡಿಗೆಗಳ ಚೂರುಗಳು ಸಿಕ್ಕಿವೆ. ಪೆರಿಯಾರಿನ ದಂಡೆಯಲ್ಲಿಯೇ ಮೇಲಕ್ಕೆ ಹೋದರೆ ಕಾಲಡಿ, ಶ್ರೀ ಶಂಕರರ ಜನ್ಮಭೂಮಿ. ಅಲ್ಲಿ ಶಾರದೆಯ ಮತ್ತು ಆಚಾರ್ಯರ ಗುಡಿಗಳನ್ನು ೧೯೧೦ರಲ್ಲಿ ಪ್ರತಿಷ್ಠೆ ಮಾಡಿದವರು ನಮ್ಮ ಶೃಂಗೇರಿಯ ಶ್ರೀ ಸಚ್ಚಿದಾನಂದ ಶಿವಾಭಿನವ ನೃಸಿಂಹ ಭಾರತೀ ಸ್ವಾಮಿಗಳು. ಅದಕ್ಕೆ ನೆರವಾದವರು ತಿರುವಿತಾಂಕೂರಿನ ಮಹಾರಾಜರು. ತುಂಗೆಯ ದಂಡೆಯಿಂದ ಪೆರಿಯಾರಿನ ದಂಡೆಗೆ ಭಕ್ತಿ ದಾರಿ ಮಾಡಿಕೊಂಡಿತು. ಯಾವ ಎಲ್ಲೆಗಲ್ಲೂ ಅದನ್ನು ತಡೆಯಲಿಲ್ಲ.

ಇನ್ನು ಮಟ್ಟಾಂಚೇರಿ. ಅಲ್ಲಿಯ ಅರಮನೆಯನ್ನು ಕಟ್ಟಿಸಿಕೊಟ್ಟವರು ಪೋರ್ತುಗೀಜರು, ದುರಸ್ತಿ ಮಾಡಿಸಿದವರು ಡಚ್ಚರು, ಗೋಡೆಗಳ ಮೇಲೆ ಇರುವದು ನಮ್ಮ ರಾಮಾಯಣ! ಅದರ ಹತ್ತಿರದಲ್ಲಿಯೇ ೧೫೬೮ರ ಯಹೂದ್ಯರ ಪ್ರಾರ್ಥನಾ ಮಂದಿರ. ಅದರ ನೆಲಕ್ಕೆ ಚೀನದಿಂದ ತಂದ ನೀಲಿಯ ಚಿತ್ರಗಳ ಬಿಲ್ಲೆಗಳನ್ನು ಹಾಸಿದ್ದಾರೆ. ೧೯೪೮ರ ತರುವಾಯ ಯಹೂದ್ಯರಲ್ಲಿ ಬಹುಜನ ಇಸ್ರೇಲಿಗೆ ಹೋದರು, ಮಂದಿರ ನಿಂತಿದೆ. ಗೋವೆಯಲ್ಲಿ ಪೋರ್ತುಗೀಜರ ಕಾಟ ತಾಳಲಾರದೆ ಬಂದ ಕೊಂಕಣಿಗರಿಗೆ ಕೊಚ್ಚಿಯ ಅರಸರು ಇಲ್ಲಿ ನೆಲೆ ಕೊಟ್ಟರು. ಅವರ ತಿರುಮಲ ದೇವರ ಗುಡಿ ಇಲ್ಲಿದೆ. ಡಚ್ಚರ ಅಧಿಕಾರಿ ವಾನ್ ರೀಡನು ೧೬೭೮ರಿಂದ ೧೬೯೩ರವರೆಗೆ ಹನ್ನೆರಡು ಸಂಪುಟಗಳಲ್ಲಿ ಅಚ್ಚಾದ ‘ಹೋರ್ತುಸ್ ಮಲಬಾರಿಕುಸ್’ ಎಂಬ ಸಸ್ಯಗ್ರಂಥವನ್ನು ಮಾಡಿಸಿದಾಗ, ಅವನಿಗೆ ಗಿಡಮೂಲಿಕೆಗಳ ಗುಣ ಹೇಳಿಕೊಟ್ಟವರು ಮಲೆಯಾಳಿ ವೈದ್ಯ ಇಟ್ಟಿ ಅಚ್ಯುತನ್ ಮತ್ತು ಕೊಂಕಣಿ ಬ್ರಾಹ್ಮಣರಾದ ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ. ಈ ಮೂವರು ತಮ್ಮ ಕೊಂಕಣಿಯಲ್ಲಿ, ನಾಗರೀ ಲಿಪಿಯಲ್ಲಿ ಬರೆದುಕೊಟ್ಟ ಸಾಕ್ಷಿಪತ್ರವು ಆ ಗ್ರಂಥದಲ್ಲಿಯೇ ಅಚ್ಚಾಗಿದೆ. ಆಶ್ರಯ ಬೇಡಿ ಬಂದವರು ತಮ್ಮ ನುಡಿಯನ್ನು ಬಿಡಬೇಕಾಗಲಿಲ್ಲ. ಅದರಿಂದ ಮಲೆಯಾಳವೂ ಬಡವಾಗಲಿಲ್ಲ. ಈ ಸಂಗತಿಯನ್ನು ತಾವು ಗಂಟು ಹಾಕಿಕೊಳ್ಳಬೇಕು. ಮುಂದೆ ಇದರ ಕೆಲಸವಿದೆ.

ಮಲೆಯಾಳಿಗಳು ತಮ್ಮ ನಾಡನ್ನು ಹೇಗೆ ಕೂಡಿಸಿಕೊಂಡರು? ೧೯೨೦ರ ನಾಗಪುರ ಕಾಂಗ್ರೆಸ್ಸು ಭಾಷಾನುಸಾರ ಪ್ರಾಂತಗಳನ್ನು ಒಪ್ಪಿದಾಗ ನಮ್ಮಂತೆಯೇ ಅವರಿಗೂ ಧೈರ್ಯ ಬಂತು. ಮರುವರ್ಷವೇ ಒಟ್ಟಪಾಲದಲ್ಲಿ ಮೂರು ಭಾಗದವರೂ ಸೇರಿದರು. ೧೯೪೬ರಲ್ಲಿ ಕೊಚ್ಚಿಯ ಮಹಾರಾಜ ಕೇರಳವರ್ಮರು ತಾವಾಗಿಯೇ ಐಕ್ಯ ಕೇರಳವನ್ನು ಎತ್ತಿ ಹಿಡಿದರು. ತನ್ನ ಸಿಂಹಾಸನವು ಕರಗಿಹೋಗುವದೆಂದು ತಿಳಿದೂ ಅರಸನು ಆಡಿದ ಮಾತದು! ೧೯೪೭ರ ಏಪ್ರಿಲಿನಲ್ಲಿ ತ್ರಿಶೂರಿನಲ್ಲಿ ಕೆ. ಕೇಳಪ್ಪನವರ ಅಧ್ಯಕ್ಷತೆಯಲ್ಲಿ ಐಕ್ಯ ಕೇರಳ ಸಮ್ಮೇಳನ ನಡೆಯಿತು. ೧೯೪೯ರ ಜುಲೈ ೧ರಂದು ಕೊಚ್ಚಿ ತಿರುವಿತಾಂಕೂರುಗಳು ಒಂದಾದವು. ೧೯೫೬ರ ನವೆಂಬರ ೧ರಂದು ಮಲಬಾರು ಸೇರಿ ಕೇರಳವಾಯಿತು. ಆದರೆ ಕೋಟೆಪೇಟೆ, ಮಟ್ಟಾಂಚೇರಿ, ಎರ್ಣಾಕುಲಗಳ ಪುರಸಭೆಗಳು ಕೂಡಿ ಒಂದೇ ನಗರವಾದದ್ದು ೧೯೬೭ರ ನವೆಂಬರ ೧ರಂದು. ನಾಡು ಒಂದಾದ ಮೇಲೆ ಊರು ಒಂದಾಗುವದಕ್ಕೆ ಹನ್ನೊಂದು ವರ್ಷ ಬೇಕಾಯಿತು. ನಕಾಶೆಯ ಮೇಲಿನ ಗೆರೆಯನ್ನು ಒಂದು ದಿನದಲ್ಲಿ ಅಳಿಸಬಹುದು. ಬೀದಿಯಲ್ಲಿಯ ಗೆರೆಯನ್ನು ಅಳಿಸುವದಕ್ಕೆ ಕಾಲ ಬೇಕು.

ಅದೇ ೧೯೫೬ರ ನವೆಂಬರ ೧ ನಮಗೂ ಪುಣ್ಯದಿನ. ಮುಂಬಯಿ, ಮದ್ರಾಸು, ಹೈದರಾಬಾದು, ಕೊಡಗು, ಮೈಸೂರುಗಳಲ್ಲಿ ಚದರಿದ್ದ ಕನ್ನಡಿಗರು ಆ ದಿನ ಒಂದು ಮನೆಯವರಾದರು. ಅದುವರೆಗೆ ಮೈಸೂರು ಸಂಸ್ಥಾನಕ್ಕೆ ಕಡಲೇ ಇರಲಿಲ್ಲ. ಕಾರವಾರ ಮುಂಬಯಿಯದು, ಮಂಗಳೂರು ಮದ್ರಾಸಿನದು. ಇಬ್ಬರಿಗೂ ಅವು ಅಂಚಿನ ಊರುಗಳು. ಕೊಚ್ಚಿಯ ಒಳರೇವಿಗೆ ಹಡಗು ಬಂದದ್ದು ೧೯೨೮ರಲ್ಲಿ; ನವಮಂಗಳೂರು ದೊಡ್ಡ ಬಂದರೆನಿಸಿಕೊಂಡದ್ದು ೧೯೭೪ರಲ್ಲಿ. ಒಡೆದ ಮನೆಯಲ್ಲಿ ಬಾವಿ ತೋಡುವವರು ಯಾರು?

ಆದರೆ ಮಹಾಜನರೇ, ಆ ಪುಣ್ಯದಿನಕ್ಕೆ ಒಂದು ಕಣ್ಣೀರಿನ ಹನಿಯೂ ಅಂಟಿದೆ. ತಮಿಳು ಮಾತಿನ ತೆಂಕಣ ತಾಲೂಕುಗಳನ್ನು ಕೇರಳವು ಮದ್ರಾಸಿಗೆ ಬಿಟ್ಟುಕೊಟ್ಟ ದಿನವೇ ನಮ್ಮ ದಕ್ಷಿಣ ಕನ್ನಡದ ಕಾಸರಗೋಡು ತಾಲೂಕು ಕೇರಳಕ್ಕೆ ಹೋಯಿತು. ಮಂಜೇಶ್ವರದ ಗೋವಿಂದ ಪೈಗಳ ಮನೆ ಆ ನೆಲದಲ್ಲಿಯೇ ಇದೆ. ಚಂದ್ರಗಿರಿ ಹೊಳೆಯ ಬಡಗಣ ಭಾಗವು ಮೈಸೂರಿಗೆ ಸೇರತಕ್ಕದ್ದೆಂದು ಮಹಾಜನ ಆಯೋಗವು ೧೯೬೭ರಲ್ಲಿ ಹೇಳಿತು; ಆ ಮಾತು ಕಾಗದದಲ್ಲಿಯೇ ಉಳಿಯಿತು.

ಹಿಂದಿರುಗುವಾಗ ರೈಲಿನಲ್ಲಿ ನಮ್ಮೆದುರು ಕುಳಿತವರು ಕಾಸರಗೋಡಿನ ಕನ್ನಡ ಶಾಲೆಯ ಮೇಷ್ಟರು. ಎರ್ಣಾಕುಲದ ಹೈಕೋರ್ಟಿನಲ್ಲಿ ಅವರಿಗೇನೋ ಕೆಲಸವಿದ್ದಿತು. ನಾವು ಆಯೋಗದ ಮಾತೆತ್ತಿ, ವಕೀಲರ ಚಾಳಿಯಂತೆ ವಾದ ಹೂಡಿದೆವು. ಅವರು ಎಲ್ಲವನ್ನೂ ಕೇಳಿ, “ಸ್ವಾಮಿ, ತಮ್ಮ ವಾದ ಸರಿಯೇ. ಆದರೆ ಒಂದನೆಯ ಇಯತ್ತೆಯ ಮಗು ಆಯೋಗವನ್ನು ಕಾಯಲಾರದು. ನಮ್ಮ ಶಾಲೆಗೆ ಬರುವ ಉಪಾಧ್ಯಾಯನಿಗೆ ಕನ್ನಡ ಬರಲಿ, ಕಚೇರಿಯ ಕಾಗದ ಕನ್ನಡದಲ್ಲಿ ಬರಲಿ, ಅತ್ತಣಿಂದ ಪುಸ್ತಕಗಳು ಬರಲಿ. ತಾವು ನವೆಂಬರಿನಲ್ಲಿ ಮಾತ್ರ ನಮ್ಮನ್ನು ನೆನೆಯುವಿರಿ” ಎಂದರು. ನಮಗೆ ಮರುಮಾತು ಹೊಳೆಯಲಿಲ್ಲ.

ಕೊಚ್ಚಿಯಿಂದ ತಂದ ವಿಚಾರವಿದೇ. ಒಂದು ನುಡಿಯ ಜನ ಒಂದು ಆಡಳಿತದಲ್ಲಿ ಕೂಡಬೇಕು. ಇಲ್ಲದಿದ್ದರೆ ರೇವು ಕೂಡ ತೆರೆಯದು. ಹಾಗೆ ಕೂಡಿದ ಮನೆಯಲ್ಲಿ ಬೇರೆ ನುಡಿಯ ನೆರೆಯವನಿಗೂ ಜಗಲಿಯಿರಬೇಕು. ಕೊಚ್ಚಿಯ ಅರಸರು ಕೊಂಕಣಿಗರಿಗೆ ಕೊಟ್ಟದ್ದನ್ನೇ ಇಂದು ಕೇರಳದ ಸರಕಾರವು ಕಾಸರಗೋಡಿನ ಕನ್ನಡಿಗರಿಗೆ ಕೊಡಲೆಂದು ನಾವು ಕೇಳುವೆವು. ಇದನ್ನು ಕೇಳುವ ಬಾಯಿಗೆ ಬಲ ಬರಬೇಕಾದರೆ, ನಮ್ಮ ನಾಡಿನೊಳಗಿರುವ ಮಲೆಯಾಳಿ, ತಮಿಳ, ತೆಲುಗ, ಮರಾಠಿಗರ ಮಕ್ಕಳ ವಿಷಯದಲ್ಲಿ ನಮ್ಮ ಕೈಯೂ ಶುದ್ಧವಾಗಿರಬೇಕು.

ಈ ವಾಚನಾಲಯದಲ್ಲಿ ಎರಡೆರಡು ಪ್ರತಿಗಳಿರುವ ಪುಸ್ತಕಗಳು ಎಷ್ಟೋ ಇವೆ. ಅವುಗಳಲ್ಲಿ ಒಂದೊಂದನ್ನು ಗಂಟು ಕಟ್ಟಿ ಆ ಮೇಷ್ಟರ ಶಾಲೆಗೆ ಕಳಿಸಬೇಕೆಂದು ಅಧ್ಯಕ್ಷರನ್ನು ಬೇಡಿಕೊಳ್ಳುವೆವು. ಸಾಗಣೆಯ ವೆಚ್ಚ ನಮ್ಮದು. ಚೀನೀ ಬಲೆಯ ಹಗ್ಗಕ್ಕೆ ನಾಲ್ಕು ಕೈ ಬೇಕೆಂದು ಹೇಳಿದೆವಷ್ಟೆ. ಒಂದು ಕೈ ಇಲ್ಲಿದೆ. ಉಳಿದ ಕೈಗಳನ್ನು ತಾವು ನೀಡಬೇಕು.

ಸಿರಿಗನ್ನಡಂ ಗೆಲ್ಗೆ.