ಅವರು ನಿಮಗೆ ಏನಾಗಬೇಕು?

ಹೈದರಾಬಾದಿನಲ್ಲಿ ಕನ್ನಡದಲ್ಲಿ ಮಾತಾಡೋ ಅವಕಾಶ ಸಿಗೋದೇ ಅಪರೂಪ. ಆಫೀಸಲ್ಲಿ ಇಂಗ್ಲಿಷ್, ಆಟೋದವರ ಹತ್ರ ಹಿಂದಿ, ಮನೆ ಕೆಳಗಿನ ಕಿರಾಣಿ ಅಂಗಡೀಲಿ ತೆಲುಗು. ನನ್ನ ಪಾಲಿಗೆ ಕನ್ನಡ ಉಳಿದಿರೋದು ರಾತ್ರಿ ಒಂಬತ್ತಕ್ಕೆ ಬರೋ ಅವ್ವನ ಫೋನಲ್ಲಿ. ಹಾಗಾಗಿ ಈ ವಿಷಯ ಕನ್ನಡದಲ್ಲೇ ಮಾತಾಡ್ತೀನಿ ಅಂತ ಒಪ್ಪಿಕೊಂಡಾಗ ಸ್ವಲ್ಪ ಹೆದರಿಕೆ ಆಯ್ತು. ಇಂಗ್ಲಿಷಲ್ಲಿ ಹೇಳಿದ್ರೆ ಇದು ಒಂದು ‘ಟಾಪಿಕ್’. ಕನ್ನಡದಲ್ಲಿ ಹೇಳಿದ್ರೆ ನಮ್ಮ ಮನೆ ವಿಷಯ.

ನಾನು ರಾಯಚೂರಿನವನು. ಹನ್ನೊಂದು ವರ್ಷದಿಂದ ಇಲ್ಲೇ ಗಚ್ಚಿಬೌಲಿ ಕಡೆ ಟೆಸ್ಟಿಂಗ್ ಕೆಲಸ. ನನ್ನ ಸಂಗಾತಿ ಸೊಲ್ಲಾಪುರದವನು. ಹೌದು, ‘ಸಂಗಾತಿ’ ಅಂದೆ, ‘ಅವನು’ ಅಂದೆ. ಎರಡನ್ನೂ ಸರಿಯಾಗೇ ಕೇಳಿಸ್ಕೊಂಡಿದ್ದೀರಿ. (ನಗು)

ಮೂರು ವರ್ಷದ ಹಿಂದೆ ಒಂದು ರಾತ್ರಿ ಎರಡು ಗಂಟೆಗೆ ಅವನಿಗೆ ವಿಪರೀತ ಹೊಟ್ಟೆನೋವು. ಹತ್ತಿರದ ಆಸ್ಪತ್ರೆಗೆ ಕರ್ಕೊಂಡು ಹೋದೆ. ಅಪೆಂಡಿಕ್ಸ್, ತಕ್ಷಣ ಆಪರೇಷನ್ ಆಗ್ಬೇಕು ಅಂದ್ರು. ನೋವಿನ ಇಂಜೆಕ್ಷನ್ ಕೊಟ್ಟಿದ್ರು, ಅವನು ಅರೆ ನಿದ್ದೆಯಲ್ಲಿದ್ದ. ಕೌಂಟರ್‌ನಲ್ಲಿ ಒಬ್ಬ ಹುಡುಗಿ ಫಾರ್ಮ್ ಹಿಡ್ಕೊಂಡು ಕೇಳಿದ್ಲು, ‘ಮೀರು ಆಯನಕು ಏಮವುತಾರು?’ ನೋಡಿ, ತೆಲುಗಲ್ಲೂ ಅದೇ ಮಾತು. ನೀವು ಅವರಿಗೆ ಏನಾಗಬೇಕು?

ನಾನು ‘ಫ್ರೆಂಡ್’ ಅಂದೆ. ‘ಫ್ರೆಂಡ್ ಸಹಿ ನಡೆಯಲ್ಲ ಸಾರ್, ರಕ್ತಸಂಬಂಧಿ ಬೇಕು’ ಅಂದ್ಲು. ಅವನ ಅಣ್ಣ ಇರೋದು ಸೊಲ್ಲಾಪುರದಲ್ಲಿ. ನಮ್ಮ ವಿಷಯ ಗೊತ್ತಾದ ಮೇಲೆ ಮೂರು ವರ್ಷ ತಮ್ಮನ ಜೊತೆ ಮಾತು ಬಿಟ್ಟವರು. ಆ ಅಣ್ಣನಿಗೆ ರಾತ್ರಿ ಮೂರಕ್ಕೆ ಫೋನ್ ಮಾಡಿ, ‘ದಯವಿಟ್ಟು ಆಸ್ಪತ್ರೆಯವರ ಜೊತೆ ಮಾತಾಡಿ’ ಅಂತ ಬೇಡಿಕೊಂಡೆ. ಪುಣ್ಯಕ್ಕೆ ಅವರು ಮಾತಾಡಿದ್ರು. ಅವನ ರಕ್ತದ ಗುಂಪು, ಯಾವ ಮಾತ್ರೆ ಅಲರ್ಜಿ, ರಾತ್ರಿ ಏನು ಊಟ ಮಾಡಿದ್ದ, ಎಲ್ಲಾ ಗೊತ್ತಿದ್ದವನು ನಾನು. ಆದರೆ ‘ಸಂಬಂಧ’ ಅನ್ನೋ ಕಾಲಮ್ಮಿನಲ್ಲಿ ಬರೆಯೋಕೆ ನನಗೆ ಪದ ಇರಲಿಲ್ಲ.

ಆಮೇಲೆ ಗೊತ್ತಾಯ್ತು, ಎಚ್ಚರವಿರುವ ವಯಸ್ಕ ರೋಗಿಯ ಒಪ್ಪಿಗೆ ಅವನದೇ, ಅದಕ್ಕೆ ಬೇರೆಯವರ ಸಹಿ ಬೇಕಿಲ್ಲ ಅಂತ. ಅವನಿಗೆ ಇಂಜೆಕ್ಷನ್ ಕೊಡೋ ಮುಂಚೆಯೇ ಸಹಿ ತಗೊಂಡಿದ್ರೆ ಮುಗೀತಿತ್ತು. ಆದರೆ ರಾತ್ರಿ ಎರಡು ಗಂಟೆಗೆ ಕಾನೂನು ವಾದ ಮಾಡೋ ಸ್ಥಿತಿಯಲ್ಲಿ ಯಾರಿರ್ತಾರೆ ಹೇಳಿ?

ಸಲಿಂಗ ಮದುವೆ ಅಂದ ಕೂಡಲೇ ಜನರ ಕಣ್ಣ ಮುಂದೆ ಮಂಟಪ, ಮೆರವಣಿಗೆ, ಕಾಮನಬಿಲ್ಲಿನ ಬಾವುಟ ಬರುತ್ತೆ. ನನ್ನ ಕಣ್ಣ ಮುಂದೆ ಬರೋದು ಆ ಫಾರ್ಮು. ಕಾನೂನಿನಲ್ಲಿ ಇಬ್ಬರು ಸಂಬಂಧಿಗಳಾಗೋಕೆ ಇರೋದು ಮೂರೇ ದಾರಿ: ರಕ್ತ, ದತ್ತು, ಮದುವೆ. ಎಲ್ಲಿಯವರೋ ಇಬ್ಬರು ವಯಸ್ಕರು ಒಬ್ಬರಿಗೊಬ್ಬರು ‘ಏನಾದರೂ ಆಗೋಕೆ’ ಇರೋ ಬಾಗಿಲು ಮದುವೆ ಒಂದೇ. ಆ ಬಾಗಿಲು ನಮಗೆ ಮುಚ್ಚಿದೆ. ಹೋರಾಟ ಇರೋದು ಅದಕ್ಕೆ.

ಈ ಹೋರಾಟ ಇಲ್ಲಿಯವರೆಗೆ ಹೇಗೆ ಬಂತು ಅಂತ ಚುಟುಕಾಗಿ ಹೇಳ್ತೀನಿ. ಬ್ರಿಟಿಷರು 1860ರಲ್ಲಿ ತಂದ ದಂಡ ಸಂಹಿತೆಯ 377ನೇ ಸೆಕ್ಷನ್ ನಮ್ಮನ್ನ ಅಪರಾಧಿಗಳನ್ನಾಗಿ ಮಾಡಿತ್ತು. 2009ರ ಜುಲೈ 2ರಂದು ದೆಹಲಿ ಹೈಕೋರ್ಟ್, ವಯಸ್ಕರು ಒಪ್ಪಿ ಖಾಸಗಿಯಾಗಿ ಇರೋದು ಅಪರಾಧ ಅಲ್ಲ ಅಂತು. 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ ಆ ತೀರ್ಪನ್ನ ತೆಗೆದುಹಾಕ್ತು. ನಾಲ್ಕು ವರ್ಷ ನಾಗರಿಕರಾಗಿದ್ದವರು ಮತ್ತೆ ಅಪರಾಧಿಗಳಾದ್ವಿ.

ದಾರಿ ತೆರೆದಿದ್ದರಲ್ಲಿ ಒಬ್ಬ ಕನ್ನಡಿಗರ ಪಾಲೂ ಇದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಎಂಬತ್ತು ದಾಟಿದ ವಯಸ್ಸಲ್ಲಿ ಆಧಾರ್ ವಿರುದ್ಧ ಕೋರ್ಟಿಗೆ ಹೋದ್ರು. ಅವರ ಮೊಕದ್ದಮೆಯಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖಾಸಗಿತನ ಮೂಲಭೂತ ಹಕ್ಕು, ಒಬ್ಬರ ಲೈಂಗಿಕ ಒಲವೂ ಅದರೊಳಗೇ ಬರುತ್ತೆ ಅಂತ ಹೇಳಿತು. ಮರುವರ್ಷ, 2018ರ ಸೆಪ್ಟೆಂಬರ್ 6ರಂದು, 377ರ ಆ ಭಾಗ ಬಿದ್ದುಹೋಯ್ತು. ಆ ದಿನ ನಾವಿಬ್ಬರೂ ಆಫೀಸಿಗೆ ರಜೆ ಹಾಕಿ ಬಿರಿಯಾನಿ ತಿಂದ್ವಿ. ಹೈದರಾಬಾದಿನಲ್ಲಿ ಇನ್ನೇನು ಮಾಡೋಕಾಗುತ್ತೆ! (ನಗು)

ಆದರೆ ‘ನೀವು ಅಪರಾಧಿ ಅಲ್ಲ’ ಅನ್ನೋದಕ್ಕೂ ‘ನೀವು ಇವರಿಗೆ ಸಂಬಂಧಿ’ ಅನ್ನೋದಕ್ಕೂ ತುಂಬಾ ದೂರ ಇದೆ. ಆ ದೂರ ದಾಟೋಕೆ 2022ರ ನವೆಂಬರಿನಲ್ಲಿ ಕೋರ್ಟಿಗೆ ಹೋದವರು ನಮ್ಮ ಹೈದರಾಬಾದಿನವರೇ ಆದ ಸುಪ್ರಿಯೋ ಚಕ್ರವರ್ತಿ ಮತ್ತು ಅಭಯ್ ಡಾಂಗ್. ಅವರು ಕೇಳಿದ್ದು ಯಾವ ಧರ್ಮದ ವಿವಾಹ ಪದ್ಧತಿಯನ್ನೂ ಅಲ್ಲ. 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ, ಅಂದ್ರೆ ಜಾತಿ ಧರ್ಮ ಬೇರೆಬೇರೆ ಇರೋರು ರಿಜಿಸ್ಟ್ರಾರ್ ಆಫೀಸಿನಲ್ಲಿ ಮದುವೆ ಆಗೋ ಕಾಯ್ದೆಯಲ್ಲಿ, ನಮಗೂ ಜಾಗ ಕೊಡಿ ಅಂದ್ರು. ಇನ್ನೂ ಹಲವರ ಅರ್ಜಿಗಳು ಸೇರಿಕೊಂಡವು. ಅದರಲ್ಲಿ ಬೆಂಗಳೂರಿನ ಅಕ್ಕಯ್ ಪದ್ಮಶಾಲಿ ಅವರದೂ ಒಂದು.

2023ರ ಏಪ್ರಿಲ್ 18ರಿಂದ ಹತ್ತು ದಿನ ವಿಚಾರಣೆ. ನೇರ ಪ್ರಸಾರ ಇತ್ತು. ನಾನು ಎರಡನೇ ಮಾನಿಟರಿನಲ್ಲಿ ಮ್ಯೂಟ್ ಮಾಡಿ ಕೋರ್ಟ್ ಹಾಕ್ಕೊಂಡು, ಒಂದನೇ ಮಾನಿಟರಿನಲ್ಲಿ ಬಗ್ ಬರೀತಾ ಇದ್ದೆ. ಆ ಸ್ಪ್ರಿಂಟ್ ಹೇಗಿತ್ತು ಅಂತ ನನ್ನ ಮ್ಯಾನೇಜರ್ ಹತ್ರ ಕೇಳ್ಬೇಡಿ. (ನಗು)

ಅಕ್ಟೋಬರ್ 17ರಂದು ತೀರ್ಪು ಬಂತು. ಇದನ್ನ ಸರಿಯಾಗಿ ತಿಳ್ಕೋಬೇಕು, ಯಾಕಂದ್ರೆ ವಾಟ್ಸಾಪಿನಲ್ಲಿ ಅರ್ಧಂಬರ್ಧ ಓಡಾಡುತ್ತೆ. ಐದೂ ನ್ಯಾಯಮೂರ್ತಿಗಳು ಒಪ್ಪಿದ್ದು: ಮದುವೆ ಮೂಲಭೂತ ಹಕ್ಕಲ್ಲ, ವಿಶೇಷ ವಿವಾಹ ಕಾಯ್ದೆಯನ್ನ ಕೋರ್ಟ್ ತಿದ್ದಿ ಬರೆಯೋಕಾಗಲ್ಲ, ಅದು ಸಂಸತ್ತಿನ ಕೆಲಸ, ಗಂಡು-ಹೆಣ್ಣಿನ ಸಂಬಂಧದಲ್ಲಿರೋ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳು ಈಗಿರೋ ಕಾನೂನಿನಲ್ಲೇ ಮದುವೆ ಆಗಬಹುದು. ಒಡಕು ಬಂದಿದ್ದು ಮುಂದಿನ ಪ್ರಶ್ನೆಯಲ್ಲಿ. ಮದುವೆ ಬೇಡ, ಒಂದು ಕಾನೂನುಬದ್ಧ ಕೂಡಿಕೆಯನ್ನಾದರೂ ಸರ್ಕಾರ ಗುರುತಿಸಬೇಕಾ? ಮುಖ್ಯ ನ್ಯಾಯಮೂರ್ತಿ ಚಂದ್ರಚೂಡ್ ಮತ್ತು ನ್ಯಾಯಮೂರ್ತಿ ಕೌಲ್ ಹೌದು ಅಂದ್ರು, ಜೋಡಿಯಾಗಿ ದತ್ತು ತಗೊಳ್ಳೋ ಹಕ್ಕೂ ಇರಬೇಕು ಅಂದ್ರು. ಮೈಸೂರಿನಲ್ಲಿ ಹುಟ್ಟಿದ ನ್ಯಾಯಮೂರ್ತಿ ರವೀಂದ್ರ ಭಟ್, ಜೊತೆಗೆ ಹಿಮಾ ಕೊಹ್ಲಿ ಮತ್ತು ನರಸಿಂಹ ಇಲ್ಲ ಅಂದ್ರು. ಮೂರಕ್ಕೆ ಎರಡು.

ಬಹುಮತದವರ ವಾದವನ್ನೂ ನ್ಯಾಯವಾಗಿ ಹೇಳ್ತೀನಿ. ನಾವು ಜೊತೆಗೆ ಬಾಳೋದು ನಮ್ಮ ಹಕ್ಕು ಅಂತ ಅವರೂ ಒಪ್ಪಿದ್ರು. ಆದರೆ ಕಾಯ್ದೆಯಲ್ಲಿ ‘ಗಂಡ’, ‘ಹೆಂಡತಿ’ ತೆಗೆದು ‘ಸಂಗಾತಿ’ ಅಂತ ಫೈಂಡ್ ಅಂಡ್ ರಿಪ್ಲೇಸ್ ಮಾಡಿದ್ರೆ ಮುಗಿಯಲ್ಲ. ಆ ಪದಗಳಿಗೆ ಆಸ್ತಿ ಹಂಚಿಕೆ, ಜೀವನಾಂಶ, ಹೆಂಗಸರ ರಕ್ಷಣೆಗೆ ಇರೋ ನಿಯಮಗಳು ಎಲ್ಲಾ ಅಂಟಿಕೊಂಡಿವೆ. ಒಂದು ಫೈಲ್ ಮುಟ್ಟಿದ್ರೆ ಇಪ್ಪತ್ತು ಕಡೆ ಮುರಿಯೋದು ನಮಗೇನು ಹೊಸದಲ್ಲ. ಸರಿ. ಆದರೆ ಡಿಪೆಂಡೆನ್ಸಿ ಜಾಸ್ತಿ ಇದೆ ಅಂತ ಬಗ್ ಅನ್ನ ಕ್ಲೋಸ್ ಮಾಡೋಕಾಗುತ್ತಾ?

ಸಂಸತ್ತಿಗೆ ಹೋಗಿ ಅಂತಾರೆ. ಹೋಗಿದ್ದಾಗಿದೆ. 2022ರ ಏಪ್ರಿಲಿನಲ್ಲಿ ಬಾರಾಮತಿ ಸಂಸದೆ ಸುಪ್ರಿಯಾ ಸುಳೆ ಇದೇ ಕಾಯ್ದೆ ತಿದ್ದೋಕೆ ಖಾಸಗಿ ಮಸೂದೆ ಮಂಡಿಸಿದ್ರು. 1970ರ ನಂತರ ಒಂದೇ ಒಂದು ಖಾಸಗಿ ಮಸೂದೆಯೂ ಕಾಯ್ದೆಯಾಗಿಲ್ಲ. ಇತ್ತ ಮರುಪರಿಶೀಲನಾ ಅರ್ಜಿಗಳನ್ನ 2025ರ ಜನವರಿ 9ರಂದು ಸುಪ್ರೀಂ ಕೋರ್ಟ್ ವಜಾ ಮಾಡ್ತು. ಅದೂ ತೆರೆದ ಕೋರ್ಟಿನಲ್ಲಿ ಕೇಳದೆ.

ಹಾಗಾದ್ರೆ ಏನೂ ಸಿಕ್ಕಿಲ್ವಾ? ಸ್ವಲ್ಪ ಸಿಕ್ಕಿದೆ. ತೀರ್ಪಿನ ಪ್ರಕಾರ ಕೇಂದ್ರ ಸರ್ಕಾರ 2024ರ ಏಪ್ರಿಲಿನಲ್ಲಿ ಸಂಪುಟ ಕಾರ್ಯದರ್ಶಿ ಅಧ್ಯಕ್ಷತೆಯಲ್ಲಿ ಸಮಿತಿ ಮಾಡ್ತು. ಅದೇ ವರ್ಷ ಆಗಸ್ಟಿನಲ್ಲಿ ಹಣಕಾಸು ಸಚಿವಾಲಯ, ನಾವು ಜಂಟಿ ಬ್ಯಾಂಕ್ ಖಾತೆ ತೆರೆಯೋಕೆ, ಸಂಗಾತಿಯನ್ನ ನಾಮಿನಿ ಮಾಡೋಕೆ ಅಡ್ಡಿ ಇಲ್ಲ ಅಂತ ಸ್ಪಷ್ಟ ಮಾಡ್ತು. ರೇಷನ್ ಕಾರ್ಡಿಗೆ ಒಂದೇ ಮನೆಯವರು ಅಂತ ನೋಡಿ ಅಂತ ರಾಜ್ಯಗಳಿಗೆ ಪತ್ರ ಹೋಯ್ತು. ಹತ್ತಿರದ ಬಂಧುಗಳು ಇಲ್ಲದಾಗ ಸಂಗಾತಿಗೆ ಮೃತದೇಹ ಕೊಡಿ ಅಂತ ಆರೋಗ್ಯ ಸಚಿವಾಲಯವೂ ಬರೆಯಿತು. ಓದುವಾಗ ಖುಷಿಪಡ್ಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಬದುಕಿದ್ದಾಗ ಸಂಬಂಧಿ ಅಲ್ಲ, ಸತ್ತ ಮೇಲೆ ಬೇರೆ ಯಾರೂ ಬರದಿದ್ರೆ ಸಂಬಂಧಿ.

ಮದ್ರಾಸ್ ಹೈಕೋರ್ಟ್ ಮಾತ್ರ ಒಂದು ಹೆಜ್ಜೆ ಮುಂದೆ ಹೋಗಿದೆ. 2025ರ ಮೇ ತಿಂಗಳಲ್ಲಿ, ಮನೆಯವರು ಕೂಡಿಹಾಕಿದ್ದ ಒಬ್ಬ ಯುವತಿಯನ್ನ ಬಿಡಿಸಿ ಅವಳ ಸಂಗಾತಿಯ ಜೊತೆ ಹೋಗೋಕೆ ಬಿಟ್ಟಿತು. ಕುಟುಂಬ ಕಟ್ಟೋಕೆ ಮದುವೆ ಒಂದೇ ದಾರಿ ಅಲ್ಲ, ನಾವೇ ಆರಿಸಿಕೊಂಡ ಕುಟುಂಬವೂ ಕುಟುಂಬವೇ ಅಂತ ಹೇಳಿತು.

ಈಗ ಇಲ್ಲಿ ಕೂತಿರೋರಲ್ಲಿ, ಈ ವಿಡಿಯೋ ನೋಡೋರಲ್ಲಿ ನನ್ನಂಥವರು ಖಂಡಿತ ಇದ್ದೀರಿ. ಕಾನೂನು ಬದಲಾಗೋವರೆಗೂ ಕಾಯಬೇಡಿ. ಇವತ್ತೇ ಆಗೋ ಕೆಲವು ಕೆಲಸ ಹೇಳ್ತೀನಿ.

ಒಂದು, ಉಯಿಲು. ಅದಿಲ್ಲದೆ ನಾನು ಸತ್ರೆ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಎಲ್ಲಾ ಅವ್ವನಿಗೆ. ಆ ಪಟ್ಟಿಯಲ್ಲಿ ಅವನ ಹೆಸರು ಎಲ್ಲೂ ಬರಲ್ಲ. ಇಬ್ಬರು ಸಾಕ್ಷಿ ಇದ್ರೆ ಉಯಿಲು ಸಾಕು, ನೋಂದಣಿ ಕಡ್ಡಾಯ ಅಲ್ಲ, ಆದರೂ ಮಾಡಿಸಿ. ನಾಮಿನಿ ಮಾಡಿದ್ದೀನಲ್ಲ ಅಂತ ಸುಮ್ಮನಿರಬೇಡಿ. ಬ್ಯಾಂಕಿನ ನಾಮಿನಿ ದುಡ್ಡು ಪಡ್ಕೊಳ್ಳೋನು ಮಾತ್ರ, ವಾರಸುದಾರ ಅಲ್ಲ.

ಎರಡು, ಮುಂಗಡ ವೈದ್ಯಕೀಯ ನಿರ್ದೇಶನ. ಗುಣವಾಗದ ಕಾಯಿಲೆಯಲ್ಲಿ ಮಾತಾಡೋಕಾಗದ ಸ್ಥಿತಿ ಬಂದ್ರೆ ಜೀವ ಹಿಡಿದಿಡೋ ಚಿಕಿತ್ಸೆ ಬೇಕಾ ಬೇಡವಾ ಅಂತ ಈಗಲೇ ಬರೆದಿಡೋದು, ನಮ್ಮ ಪರವಾಗಿ ಮಾತಾಡೋರನ್ನೂ ಹೆಸರಿಸೋದು. 2023ರಲ್ಲಿ ಸುಪ್ರೀಂ ಕೋರ್ಟ್ ನಿಯಮ ಸುಲಭ ಮಾಡಿದೆ: ಇಬ್ಬರು ಸಾಕ್ಷಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ. ಇದನ್ನ ಜಾರಿ ಮಾಡೋಕೆ ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಆದೇಶವನ್ನೂ ಹೊರಡಿಸಿದೆ.

ಮೂರು, ಮಾನಸಿಕ ಆರೋಗ್ಯ ಕಾಯ್ದೆ, 2017. ಅದರಲ್ಲಿ ಬಿಳಿ ಹಾಳೆ ಮೇಲೆ ಬರೆದು ಸಹಿ ಹಾಕಿ, ಯಾರನ್ನ ಬೇಕಾದ್ರೂ ನಿಮ್ಮ ಪ್ರತಿನಿಧಿ ಅಂತ ನೇಮಿಸಬಹುದು. ರಕ್ತಸಂಬಂಧ ಕೇಳಲ್ಲ.

ಇನ್ನು ಆಗದೇ ಇರೋದು. ಪಿಎಫ್ ಯೋಜನೆಯಲ್ಲಿ ‘ಕುಟುಂಬ’ ಇದ್ರೆ ಕುಟುಂಬದವರನ್ನೇ ನಾಮಿನಿ ಮಾಡ್ಬೇಕು. ನನ್ನನ್ನ ನಂಬಿರೋ ಅವ್ವ ಇದ್ದಾಳೆ, ಹಾಗಾಗಿ ಅವನ ಹೆಸರು ಹಾಕೋಕಾಗಲ್ಲ. ಹೆಂಡತಿಗೆ ಎಷ್ಟು ಉಡುಗೊರೆ ಕೊಟ್ರೂ ಆಕೆಗೆ ತೆರಿಗೆ ಇಲ್ಲ. ನಾನು ಅವನಿಗೆ ವರ್ಷಕ್ಕೆ 50,000 ರೂಪಾಯಿ ಮೀರಿ ಕೊಟ್ರೆ ಅದು ಅವನ ಆದಾಯ. ಇದನ್ನ ಪ್ರಶ್ನಿಸಿ ಒಂದು ಜೋಡಿ ಬಾಂಬೆ ಹೈಕೋರ್ಟಿಗೆ ಹೋಗಿದೆ. ತಮಾಷೆ ನೋಡಿ, ನನ್ನ ಕಂಪನಿಯ ಗ್ರೂಪ್ ಇನ್ಶೂರೆನ್ಸಿನಲ್ಲಿ ‘ಪಾರ್ಟ್ನರ್’ ಅಂತ ಒಂದು ಆಯ್ಕೆ ಇದೆ. ಎಚ್ಆರ್ ಪೋರ್ಟಲಿಗೆ ಗೊತ್ತಿರೋ ಸಂಬಂಧ ನನ್ನ ದೇಶಕ್ಕೆ ಗೊತ್ತಿಲ್ಲ.

ಒಂದು ಮದುವೆ ಸರ್ಟಿಫಿಕೇಟ್ ಕೊಡೋದನ್ನ ಪಡೆಯೋಕೆ ನಾವು ವಕೀಲರು, ನೋಟರಿ, ಸ್ಟಾಂಪ್ ಪೇಪರ್ ಅಂತ ಎರಡು ವರ್ಷ ಓಡಾಡಿದ್ವಿ. ನಮಗೆ ಸಂಬಳ ಇತ್ತು, ಇಂಗ್ಲಿಷ್ ಓದೋಕೆ ಬರ್ತಿತ್ತು. ಇದೆಲ್ಲ ನಗರದ ಮೇಲ್ವರ್ಗದವರ ಆಸೆ ಅಂತ ಸರ್ಕಾರ ಕೋರ್ಟಿಗೆ ಬರೆದುಕೊಟ್ಟಿತ್ತು. ನಾನು ತಿರುಗಿಸಿ ಕೇಳ್ತೀನಿ. ಲಿಂಗಸೂಗೂರಿನಲ್ಲಿ ಕೂಲಿ ಮಾಡೋ ಇಬ್ಬರು ಹೆಣ್ಣುಮಕ್ಕಳು ಜೊತೆಗಿದ್ರೆ ಅವರು ಯಾವ ವಕೀಲರ ಹತ್ರ ಹೋಗ್ತಾರೆ? ದುಡ್ಡಿದ್ದವರು ಕಾಗದ ಮಾಡಿಸ್ಕೊಂಡು ಹೇಗೋ ಬದುಕ್ತೀವಿ. ಮದುವೆ ಹಕ್ಕು ಹೆಚ್ಚು ಬೇಕಿರೋದು ಇಲ್ಲದವರಿಗೇ.

ಇನ್ನೊಂದು ಮಾತನ್ನ ನಮ್ಮವರೇ ಕೇಳ್ತಾರೆ: ಜಾತಿ, ವರದಕ್ಷಿಣೆ ತುಂಬಿರೋ ಮದುವೆ ಅನ್ನೋ ಆ ಹಳೇ ಮನೆಯೊಳಗೆ ಯಾಕೆ ಹೋಗ್ತೀರಿ? ಒಳ್ಳೇ ಪ್ರಶ್ನೆ. ಒಳಗೆ ಹೋಗೋದು ಬಿಡೋದು ಆಮೇಲಿನ ಮಾತು. ಬೇಡ ಅನ್ನೋಕೂ ಮೊದಲು ಬಾಗಿಲು ತೆರೆದಿರಬೇಕಲ್ವಾ?

ಕೊನೆಗೆ ಅವ್ವನ ವಿಷಯ. ಆಪರೇಷನ್ ಸುದ್ದಿ ಹೇಳಿದ ದಿನ ಅವ್ವ ಫೋನಲ್ಲಿ ಬಹಳ ಹೊತ್ತು ಸುಮ್ಮನಿದ್ದು, ‘ಖರೇ ಹೇಳು, ಅಂವ ನಿನಗ ಏನಾಗಬೇಕು?’ ಅಂದ್ಲು. ಹೇಳ್ದೆ. ಎರಡು ತಿಂಗಳು ಸರಿಯಾಗಿ ಮಾತಾಡಲಿಲ್ಲ. ‘ಊಟ ಆತೇನು’ ಅಂತ ಕೇಳಿ ಫೋನ್ ಇಡ್ತಿದ್ಲು. ಈಗಲೂ ಎಲ್ಲಾ ಸರಿಹೋಗಿದೆ ಅಂತ ಸುಳ್ಳು ಹೇಳಲ್ಲ. ಊರಿನಲ್ಲಿ ಯಾರಿಗೂ ಹೇಳಿಲ್ಲ. ಹೋದ ದಸರಾಕ್ಕೆ ನಮ್ಮನೆಗೆ ಬಂದಿದ್ಲು. ಪಕ್ಕದ ಮನೆಯ ಬಳ್ಳಾರಿ ಕಡೆಯ ಅಜ್ಜಿ ಅವನನ್ನ ತೋರಿಸಿ, ‘ಇವರು ನಿಮಗೆ ಏನಾಗಬೇಕ್ರಿ?’ ಅಂತ ಕೇಳಿದ್ರು. ಅವ್ವ ರೊಟ್ಟಿ ಬಡಿಯೋದು ನಿಲ್ಲಿಸದೆ, ‘ನಮ್ಮ ಮನಿಯಾಂವ’ ಅಂದ್ಲು.

ನಮ್ಮ ಮನೆಯವನು. ಅಷ್ಟೇ. ಅಜ್ಜಿ ಮುಂದೆ ಏನೂ ಕೇಳಲಿಲ್ಲ.

ಅವ್ವನಿಗೆ ಸಿಕ್ಕ ಪದ ಕಾಯ್ದೆಗೂ ಸಿಗಬೇಕು. ಅದಕ್ಕೆ ನಿಮ್ಮಿಂದ ನಾನು ಕೇಳೋದು ಎರಡೇ. ನಿಮ್ಮ ಕಂಪನಿಯ ಇನ್ಶೂರೆನ್ಸಿನಲ್ಲಿ ಸಂಗಾತಿಗೆ ಜಾಗ ಇದೆಯಾ ಅಂತ ಎಚ್ಆರ್‌ಗೆ ಒಂದು ಮೇಲ್ ಹಾಕಿ. ನಿಮಗೆ ಅಗತ್ಯ ಇಲ್ಲದಿದ್ರೂ ಹಾಕಿ, ಯಾಕಂದ್ರೆ ಅಗತ್ಯ ಇರೋರಿಗೆ ಕೇಳೋಕೆ ಹೆದರಿಕೆ ಇರುತ್ತೆ. ಮತ್ತೆ ಓಟು ಕೇಳೋಕೆ ನಿಮ್ಮ ಸಂಸದರು ಬಂದಾಗ, ಅಥವಾ ಊರಿಗೆ ಹೋದಾಗ ಅವರು ಸಿಕ್ಕಾಗ, ಈ ವಿಷಯದಲ್ಲಿ ನೀವೇನು ಮಾಡ್ತೀರಿ ಅಂತ ಕೇಳಿ. ಕೋರ್ಟ್ ಅವರ ಕಡೆ ಬೆರಳು ತೋರಿಸಿ ಕೂತಿದೆ. ಈಗ ಉತ್ತರ ಕೊಡಬೇಕಾದವರು ಅವರೇ.