ಬಾವಿಯಲ್ಲಿ ನೀರಿದೆ, ನಲ್ಲಿಯಲ್ಲೇಕಿಲ್ಲ?

ಹಿತ್ತಿಲಿನಲ್ಲಿ ಬಾವಿ ಇದೆ. ಇಣುಕಿ ನೋಡಿದರೆ ನೀರೂ ಇದೆ. ಗುಂಡಿ ಒತ್ತಿದೊಡನೆ ಮೋಟಾರು ಗುಂಯ್‌ಗುಡುತ್ತದೆ. ಆದರೂ ಸ್ನಾನದ ಮನೆಯ ನಲ್ಲಿಯಲ್ಲಿ ಇಳಿಯುವುದು ಹುರಿಯಷ್ಟು ಸಣ್ಣ ಎಳೆ. ಬಕೀಟು ತುಂಬುವುದರೊಳಗೆ ಮಕ್ಕಳಿಗೆ ಶಾಲೆಯ ಹೊತ್ತು ಮೀರಿರುತ್ತದೆ. ಈ ಪಾಡು ತಮ್ಮಲ್ಲಿ ಅನೇಕರಿಗೆ ಪರಿಚಿತವಾದುದೇ. ಇಂಥ ಹೊತ್ತಿನಲ್ಲಿ ನಾವು ಸಾಮಾನ್ಯವಾಗಿ ಮಾಡುವುದು ಎರಡು ಕೆಲಸ: ಒಂದು, ಮೋಟಾರನ್ನು ಬಯ್ಯುವುದು, ಇನ್ನೊಂದು, ಹೊಸ ಮೋಟಾರು ತರುವುದು. ಎರಡಕ್ಕೂ ಮುಂಚೆ ಒಂದು ಗಂಟೆಯ ಕಾಲ ಸಮಾಧಾನದಿಂದ ಹುಡುಕಿ ನೋಡುವುದು ಹೇಗೆಂಬುದನ್ನು ತಮ್ಮೊಡನೆ ಮಾತನಾಡಬೇಕೆಂದಿದ್ದೇನೆ.

ನನ್ನ ಅಕ್ಕನ ಮನೆ ಮೈಸೂರಿನಲ್ಲಿದೆ. ಒಂದು ಮೇ ತಿಂಗಳು ಅವಳಿಂದ ಕರೆ ಬಂತು. ನಾಲ್ಕು ದಿನದಿಂದ ರಾಟೆಗೆ ಹಗ್ಗ ಹಾಕಿ ಸೇದುತ್ತಿದ್ದಾಳಂತೆ. ಅವಳಿಗೆ ಮಂಡಿನೋವು, ಭಾವನವರಿಗೆ ಭಾರ ಎತ್ತಬಾರದೆಂದು ವೈದ್ಯರ ಕಟ್ಟಪ್ಪಣೆ. ಬಂದು ನೋಡಿದ ಮೇಸ್ತ್ರಿ, "ಅಮ್ಮಾವ್ರೆ, ಮೋಟಾರೂ ಮುಗಿಯಿತು, ಬಾವಿಯೂ ಮುಗಿಯಿತು, ಕೊಳವೆ ಬಾವಿ ಕೊರೆಸಿಬಿಡಿ" ಎಂದು ಹೇಳಿ ಹೋಗಿದ್ದ. ಕೊರೆಸುವುದಕ್ಕೆ ಹಣ ಎಲ್ಲಿಂದ? ಮೊಮ್ಮಗಳ ಕಾಲೇಜಿಗೆಂದು ಬ್ಯಾಂಕಿನಲ್ಲಿ ಇಟ್ಟದ್ದು ಒಂದಿಷ್ಟಿತ್ತು. "ಅದನ್ನು ತೆಗೆಯಲೋ ಬೇಡವೋ, ನೀನೊಮ್ಮೆ ಬಂದು ನೋಡಿ ಹೇಳಪ್ಪ" ಎಂದಳು.

ಬಾವಿಯ ನೀರು ನಲ್ಲಿಗೆ ಬರುವುದರಲ್ಲಿ ಎರಡು ಪ್ರಯಾಣಗಳುಂಟು. ಬಾವಿಯಿಂದ ತಾರಸಿಯ ಮೇಲಿನ ತೊಟ್ಟಿಗೆ ಮೋಟಾರಿನ ಬಲದಿಂದ ಹೋಗುವುದು ಮೊದಲನೆಯದು. ತೊಟ್ಟಿಯಿಂದ ನಲ್ಲಿಗೆ ತನ್ನ ಭಾರದಿಂದಲೇ ಇಳಿಯುವುದು ಎರಡನೆಯದು. ಎರಡರಲ್ಲಿ ಯಾವುದು ಕೆಟ್ಟಿದೆಯೆಂದು ತಿಳಿಯದೆ ಸ್ಪಾನರು ಕೈಗೆತ್ತಿಕೊಳ್ಳುವುದು ಹೊಟ್ಟೆನೋವಿಗೆ ಕಣ್ಣಿನ ಔಷಧ ಹಾಕಿದಂತೆ. ತಿಳಿಯಲು ಬೇಕಾದದ್ದು ಒಂದು ಬಕೀಟು, ಸೆಕೆಂಡಿನ ಮುಳ್ಳಿರುವ ಒಂದು ಗಡಿಯಾರ, ಅಷ್ಟೆ. ತೊಟ್ಟಿ ತುಂಬಿದೆಯೇ? ತುಂಬಿದ್ದೂ ನಲ್ಲಿ ಸೊರಗಿದ್ದರೆ ಬಾವಿಯ ಕಡೆ ಹೋಗಲೇಬೇಡಿ. ದೋಷ ಮನೆಯೊಳಗೇ ಇದೆ.

ಆಗ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ: ಒಂದೇ ನಲ್ಲಿಯೋ, ಎಲ್ಲ ನಲ್ಲಿಗಳೋ? ಒಂದೇ ಆದರೆ ಅದರ ಮೂತಿಯ ಜಾಲರಿ ಬಿಚ್ಚಿ ನೋಡಿ. ಗಡಸು ನೀರಿನ ಊರುಗಳಲ್ಲಿ ಅದರ ಕಣ್ಣುಗಳು ಸುಣ್ಣ ಕಟ್ಟಿ ಮುಚ್ಚಿಹೋಗಿರುತ್ತವೆ. ನಿಂಬೆರಸದಲ್ಲಿಯೋ ವಿನಿಗರಿನಲ್ಲಿಯೋ ಒಂದು ರಾತ್ರಿ ನೆನೆಹಾಕಿದರೆ ಬಿಡುತ್ತದೆ. ಬಿಸಿನೀರಿನ ನಲ್ಲಿ ಮಾತ್ರ ಸೊರಗಿದ್ದರೆ ಗೀಸರಿನ ಕಡೆ ನೋಡಬೇಕು. ಎಲ್ಲ ನಲ್ಲಿಗಳೂ ಸೊರಗಿದ್ದರೆ ತಾರಸಿ ಹತ್ತಿ. ತೊಟ್ಟಿಯ ತಳದಲ್ಲಿ ಕೂತ ಕೆಸರು ಹೊರಬಾಯಿಯನ್ನು ಅರ್ಧ ಮುಚ್ಚಿರಬಹುದು. ಅಲ್ಲಿರುವ ಗೇಟ್ ವಾಲ್ವಿನ ಮೇಲೂ ಒಂದು ಕಣ್ಣಿರಲಿ. ಹಳೆಯದಾದ ಮೇಲೆ ಅದರೊಳಗಿನ ಬಿಲ್ಲೆ ಕಡ್ಡಿಯಿಂದ ಕಳಚಿಕೊಂಡು ಕೆಳಗೆ ಬಿದ್ದಿರುತ್ತದೆ. ಮೇಲಿನ ಚಕ್ರ ಸೊಗಸಾಗಿ ತಿರುಗುತ್ತದೆ, ಪೂರ್ತಿ ತೆರೆದಂತೆ ಕಾಣುತ್ತದೆ, ನೀರು ಮಾತ್ರ ಸಂದಿಯಲ್ಲಿ ನುಸುಳಿಕೊಂಡು ಬರುತ್ತಿರುತ್ತದೆ. ಇದನ್ನು ಪತ್ತೆ ಮಾಡಲಾಗದೆ ಮನೆಯ ಕೊಳವೆಗಳನ್ನೆಲ್ಲ ಒಡೆಸಿದವರನ್ನು ನಾನು ಬಲ್ಲೆ.

ಇನ್ನು ಎತ್ತರದ ಲೆಕ್ಕ. ನೀರಿನ ಒತ್ತಡ ತೊಟ್ಟಿಯ ಗಾತ್ರದಿಂದ ಬರುವುದಿಲ್ಲ, ಎತ್ತರದಿಂದ ಬರುತ್ತದೆ. ಸುಮಾರು 33 ಅಡಿ ಎತ್ತರದ ನೀರಿಗೆ ಚದರ ಸೆಂಟಿಮೀಟರಿಗೆ ಒಂದು ಕಿಲೋಗ್ರಾಮಿನ ಒತ್ತಡ. ಮಹಡಿಯ ಸ್ನಾನದ ಮನೆಯ ಷವರಿಗೂ ತೊಟ್ಟಿಯ ನೀರಿಗೂ ಐದೇ ಅಡಿ ಅಂತರವಿದ್ದರೆ ದೊರೆಯುವುದು ಅದರ ಆರನೆಯ ಒಂದು ಪಾಲಿಗೂ ಕಡಿಮೆ. ಅಲ್ಲಿ ಯಾವ ದುರಸ್ತಿಯೂ ಫಲಿಸದು. ತೊಟ್ಟಿಯ ಕೆಳಗೆ ನಾಲ್ಕು ಕಂಬದ ಕಟ್ಟೆ ಎಬ್ಬಿಸಬೇಕು, ಇಲ್ಲವೆ ಕೊಳವೆ ದಪ್ಪ ಮಾಡಬೇಕು. ಅಷ್ಟೇ ನೀರು ಹಾಯಲು ಮುಕ್ಕಾಲು ಅಂಗುಲದ ಕೊಳವೆಯಲ್ಲಿ ಸವೆಯುವ ಒತ್ತಡಕ್ಕಿಂತ ಅರ್ಧ ಅಂಗುಲದ ಕೊಳವೆಯಲ್ಲಿ ಸವೆಯುವುದು ಏಳು ಪಟ್ಟಿಗೂ ಹೆಚ್ಚು. ಮನೆ ಕಟ್ಟುವಾಗ ಕೊಳವೆಯಲ್ಲಿ ಉಳಿಸಿದ ಕಾಸು ಮುಂದೆ ಪ್ರತಿದಿನದ ಸ್ನಾನದಲ್ಲಿ ಕಳೆದುಹೋಗುತ್ತದೆ. ಹಳೆಯ ಕಬ್ಬಿಣದ ಕೊಳವೆಯಾದರೆ ಒಳಗೆ ತುಕ್ಕಿನ ಗಂಟುಗಳೆದ್ದು ದಾರಿ ಇನ್ನೂ ಕಿರಿದಾಗಿರುತ್ತದೆ. ಈಚೆಗೆ ಅನೇಕರು ನಲ್ಲಿ ತೆರೆದೊಡನೆ ತಾನಾಗಿ ಓಡುವ ಒತ್ತಡದ ಪಂಪನ್ನು ಇಡಿಸಿಕೊಳ್ಳುತ್ತಾರೆ. ಅದರೊಡನೆ ಗಾಳಿ ತುಂಬಿದ ಸಣ್ಣ ತೊಟ್ಟಿಯಿದ್ದು, ಪಂಪು ಕ್ಷಣಕ್ಕೊಮ್ಮೆ ಓಡಿ ನಿಲ್ಲತೊಡಗಿದರೆ, ಒಳಗಿನ ಗಾಳಿ ಇಳಿದಿದೆಯೆಂದು ಶಂಕಿಸಬಹುದು.

ಅಕ್ಕನ ಮನೆಗೆ ಮರಳೋಣ. ತಾರಸಿ ಹತ್ತಿ ನೋಡಿದೆ. ತೊಟ್ಟಿ ಬರಿದು. ಮೋಟಾರು ಹಾಕಿಸಿ ಮೇಲಿನ ಕೊಳವೆಯ ಬಾಯಿಗೆ ಹದಿನೈದು ಲೀಟರಿನ ಬಕೀಟು ಹಿಡಿದೆ. ಕೊಳವೆ ಕೆಮ್ಮುತ್ತಿತ್ತು. ಒಂದು ಗುಟುಕು ನೀರು, ಒಂದು ಉಸಿರು ಗಾಳಿ; ಬಂದ ನೀರೂ ನೊರೆಹಾಲಿನಂತೆ ಬೆಳ್ಳಗೆ. ಬಕೀಟು ತುಂಬಲು ಎರಡು ನಿಮಿಷ ಮೀರಿತು. ಆದುದರಿಂದ ದೋಷ ಮೊದಲ ಪ್ರಯಾಣದಲ್ಲಿ.

ಬಾವಿಯ ದಂಡೆಯ ಮೇಲೆ ಕೂತ ಪಂಪು ನೀರನ್ನು ಎಳೆಯುತ್ತದೆಂದು ನಾವು ಆಡುವುದು ವಾಡಿಕೆಯ ಮಾತು. ನಿಜವಾಗಿ ಅದು ಕೊಳವೆಯೊಳಗಿನ ಒತ್ತಡವನ್ನು ಕಡಿಮೆ ಮಾಡುತ್ತದೆ. ನೀರನ್ನು ಮೇಲಕ್ಕೆ ನೂಕುವುದು ಬಾವಿಯ ನೀರಿನ ಮೇಲೆ ಕೂತ ಹೊರಗಿನ ಗಾಳಿ. ಇಟಲಿಯಲ್ಲಿ ಪಂಪಿನವರಿಗೆ ಒಂದು ಎತ್ತರಕ್ಕಿಂತ ಮೇಲೆ ನೀರು ಏರದೆ ಇದ್ದ ಸಂಗತಿಯನ್ನು ಗೆಲಿಲಿಯೋ ತನ್ನ 1638ರ ಗ್ರಂಥದಲ್ಲಿ ಪ್ರಸ್ತಾಪಿಸಿದ. ಅದು ಗಾಳಿಯ ಭಾರದ ಮಹಿಮೆಯೆಂದು 1644ರಲ್ಲಿ ಟಾರಿಚೆಲ್ಲಿ ವಿವರಿಸಿದ. ಸಮುದ್ರಮಟ್ಟದ ಮಂಗಳೂರಿನಲ್ಲಿ ಆ ಎತ್ತರ ಸುಮಾರು 34 ಅಡಿ. ಗಾಳಿ ತೆಳುವಾದ ನಮ್ಮ ಮೈಸೂರು, ಬೆಂಗಳೂರುಗಳಲ್ಲಿ 30-31 ಅಡಿಯ ಆಸುಪಾಸು. ಇದು ಪುಸ್ತಕದ ಲೆಕ್ಕ. ಕೊಳವೆಯ ಘರ್ಷಣೆ, ಪಂಪಿನ ಕೊರತೆ ಎಲ್ಲ ಕಳೆದು ವ್ಯವಹಾರಕ್ಕೆ ಉಳಿಯುವುದು 20-22 ಅಡಿ. ಪಂಪಿಗೂ ನೀರಿಗೂ ಅದಕ್ಕಿಂತ ಹೆಚ್ಚು ಅಂತರವಾದರೆ ಎಷ್ಟು ಅಶ್ವಶಕ್ತಿಯ ಮೋಟಾರು ತಂದರೂ ನೀರು ಏರದು. ಪಂಪನ್ನೇ ಕೆಳಗಿಳಿಸಬೇಕು, ಇಲ್ಲವೆ ನೀರಿನಲ್ಲಿ ಮುಳುಗಿದ್ದು ಕೆಳಗಿನಿಂದ ನೂಕುವ ಪಂಪು ಹಾಕಬೇಕು.

ಒಂದು ಹುರಿಗೆ ಕಲ್ಲು ಕಟ್ಟಿ ಇಳಿಬಿಟ್ಟು ಅಳೆದೆ. ಪಂಪಿನಿಂದ ನೀರಿಗೆ 20 ಅಡಿ. ಮಳೆಗಾಲದಲ್ಲಿ ಹತ್ತೇ ಅಡಿಯಂತೆ. ಎಂದರೆ ಬಾವಿ ಮುಗಿದಿರಲಿಲ್ಲ, ಅಂಚಿನಲ್ಲಿತ್ತು.

ಮುಂದೆ ಫುಟ್ ವಾಲ್ವಿನ ಪರೀಕ್ಷೆ. ಕೊಳವೆಯ ತುದಿಯಲ್ಲಿ ನೀರಿನಡಿ ಇರುವ ಈ ಕವಾಟ ನೀರನ್ನು ಮೇಲಕ್ಕೆ ಬಿಡುತ್ತದೆ, ಕೆಳಕ್ಕೆ ಬಿಡುವುದಿಲ್ಲ. ಒಂದು ಬೇವಿನ ಎಲೆಯ ದಂಟು ಸಿಕ್ಕಿಕೊಂಡರೆ ಸಾಕು, ಮೋಟಾರು ನಿಂತೊಡನೆ ಕೊಳವೆಯ ನೀರೆಲ್ಲ ಬಾವಿಗೆ ಇಳಿದುಹೋಗುತ್ತದೆ. ಮೋಟಾರು ನಿಲ್ಲಿಸಿ ಪಂಪಿನ ಲಾಳಿಕೆಯಲ್ಲಿ ತಂಬಿಗೆಯಿಂದ ನೀರು ತುಂಬಿ, ಹತ್ತು ನಿಮಿಷ ಕಾದು ನೋಡಿದೆ. ಮಟ್ಟ ಕದಲಲಿಲ್ಲ. ಫುಟ್ ವಾಲ್ವ್ ಕ್ಷೇಮ.

ಉಳಿದದ್ದು ಗಾಳಿಯ ದಾರಿ. ಈ ಅಂಶವನ್ನು ದಯವಿಟ್ಟು ಗಮನದಲ್ಲಿಡಿ. ಪಂಪಿನಿಂದಾಚೆ ಮೇಲಕ್ಕೆ ಹೋಗುವ ಕೊಳವೆ ಸೋರಿದರೆ ನೆಲ ಒದ್ದೆಯಾಗುತ್ತದೆ, ಯಾರಿಗಾದರೂ ಕಾಣುತ್ತದೆ. ಬಾವಿಯಿಂದ ಪಂಪಿಗೆ ಬರುವ ಕೊಳವೆಯಾದರೋ ಒಳಮುಖವಾಗಿ ಸೋರುತ್ತದೆ. ಅಲ್ಲಿ ಒಂದು ಹನಿಯೂ ಹೊರಬೀಳದು. ಗಾಳಿ ಒಳಗೆ ಹೋಗುತ್ತದೆ. ಒಣಗಿದ ಕೀಲನ್ನು ಯಾರೂ ಸಂಶಯಪಡುವುದಿಲ್ಲ. ನೀರು ಆಳಕ್ಕಿಳಿದಷ್ಟೂ ಒಳಗಿನ ಒತ್ತಡ ಇಳಿದು ಗಾಳಿ ಹೆಚ್ಚು ನುಗ್ಗುತ್ತದೆ. ಮಳೆಗಾಲದಲ್ಲಿ ಸುಮ್ಮನಿದ್ದ ಸಂದು ಬೇಸಿಗೆಯಲ್ಲಿ ಬಾಯಿ ತೆರೆಯುವುದು ಹೀಗೆ.

ಅಕ್ಕನಿಂದ ಬಟ್ಟೆ ಸೋಪಿನ ದಪ್ಪ ನೊರೆ ಮಾಡಿಸಿದೆ. ಮೋಟಾರು ಓಡುತ್ತಿರುವಾಗ ತಿರುಗುವ ಭಾಗಕ್ಕೂ ತಂತಿಗೂ ಕೈ ತಾಗದಂತೆ, ಒಂದೊಂದಾಗಿ ಕೀಲುಗಳಿಗೆ ಹಚ್ಚುತ್ತ ಬಂದೆ. ಮೂರನೆಯದು ಪಂಪಿಗೆ ಅಂಟಿದಂತಿದ್ದ ಮೊಣಕೈ ಬಾಗು. ಅಲ್ಲಿ ಹಚ್ಚಿದ ನೊರೆ ಉಬ್ಬಲಿಲ್ಲ, ಜಾರಲಿಲ್ಲ. ಸೊರ್ರನೆ ಒಳಗೆ ಹೋಯಿತು! ಅದೇ ಕ್ಷಣಕ್ಕೆ ಪಂಪಿನ ಕೆಮ್ಮು ಒಂದಿಷ್ಟು ತಗ್ಗಿತು. ವಿಚಾರಿಸಿದರೆ, ಎರಡು ತಿಂಗಳ ಹಿಂದೆ ಸುಣ್ಣ ಬಣ್ಣ ಮಾಡಿಸುವಾಗ ಆಳೊಬ್ಬ ಆ ಕೊಳವೆಯ ಮೇಲೆ ಕಾಲಿಟ್ಟು ಗೋಡೆ ಬಳಿದಿದ್ದನಂತೆ. ಮೆಯಿನ್ ಸ್ವಿಚ್ಚು ತೆಗೆದು, ಕೀಲು ಬಿಚ್ಚಿ, ಹೊಸ ಟೆಫ್ಲಾನ್ ಟೇಪು ಸುತ್ತಿ ಬಿಗಿಯಾಯಿತು. ಮತ್ತೆ ಬಕೀಟು ಹಿಡಿದಾಗ ಮೂವತ್ತೈದು ಸೆಕೆಂಡಿನಲ್ಲಿ ತುಂಬಿತು. ಅಕ್ಕ ಒಂದೂ ಮಾತಾಡದೆ ಒಳಗೆ ಹೋಗಿ ಕಾಫಿಗೆ ನೀರಿಟ್ಟಳು.

ತಮ್ಮ ಮನೆಯಲ್ಲಿ ಕೀಲೂ ಸರಿ, ಕವಾಟವೂ ಸರಿ ಎಂದಾದರೆ ವಿದ್ಯುತ್ತನ್ನು ನೋಡಬೇಕು. ಮೋಟಾರಿನ ತಿರುಗುಬಲ ವೋಲ್ಟೇಜಿನ ವರ್ಗಕ್ಕೆ ಅನುಸಾರವಾಗಿ ಇಳಿಯುತ್ತದೆ. 230 ಇರಬೇಕಾದಲ್ಲಿ 180 ಬಂದರೆ ಉಳಿಯುವುದು ಬಲದ ಐದನೆಯ ಮೂರು ಪಾಲು ಮಾತ್ರ. ಅದರಲ್ಲೇ ಓಡಿಸುತ್ತ ಹೋದರೆ ಸುರುಳಿ ಸುಡುತ್ತದೆ. ಕೆಪಾಸಿಟರು, ಕೆಲಸಗಾರರ ಬಾಯಲ್ಲಿ ಕಂಡೆನ್ಸರು, ಸೋತಿದ್ದರೆ ಮೋಟಾರು ಗುಂಯ್‌ಗುಟ್ಟುತ್ತ ತಿರುಗಲು ತಿಣುಕುತ್ತದೆ. ಮೂರು ಫೇಸಿನ ಮೋಟಾರಿನಲ್ಲಿ ತಂತಿ ಅದಲುಬದಲಾದರೆ ಚಕ್ರ ಹಿಂದುಮುಂದಾಗಿ ತಿರುಗುತ್ತದೆ. ಆಗಲೂ ನೀರು ಬರುತ್ತದೆ, ಆದರೆ ತೀರ ಕಡಿಮೆ. ಹೊಸದಾಗಿ ದುರಸ್ತಿಯಾಗಿ ಬಂದ ಮೋಟಾರು ಕಡಿಮೆ ನೀರು ಕೊಟ್ಟರೆ ಮೊದಲು ಇದನ್ನೇ ಕೇಳಿ. ಈ ಪರೀಕ್ಷೆಗಳು ಮಾತ್ರ ಬಲ್ಲ ವಿದ್ಯುತ್ ಕೆಲಸಗಾರನಿಗೆ ಬಿಟ್ಟದ್ದು. ಬಾವಿಯ ಒದ್ದೆ ದಂಡೆಯ ಮೇಲೆ ನಿಂತು ತಂತಿ ಮುಟ್ಟಬೇಡಿ. ಕೊಳವೆ ಬಾವಿಯವರಿಗೆ ಒಂದು ಮಾತು: ಪಂಪು ಓಡುವಾಗ ಬಾವಿಯೊಳಗೆ ನೀರು ಬೀಳುವ ಸದ್ದು ಕೇಳಿಸಿದರೆ ಏರುಗೊಳವೆಯಲ್ಲಿ ತೂತಾಗಿರಬಹುದು.

ಮೊದಲು ಚೆನ್ನಾಗಿ ಬಂದು, ಇಪ್ಪತ್ತು ನಿಮಿಷದ ಮೇಲೆ ಕೆಮ್ಮತೊಡಗಿ, ಒಂದೆರಡು ಗಂಟೆ ಬಿಟ್ಟರೆ ಮತ್ತೆ ಸರಿಯಾಗುತ್ತಿದ್ದರೆ ದೋಷ ಯಂತ್ರದ್ದಲ್ಲ; ಒರತೆ ತುಂಬುವುದಕ್ಕಿಂತ ಬೇಗ ತಾವು ತೆಗೆಯುತ್ತಿದ್ದೀರಿ. ಹೊರಗಿನ ಕೊಳವೆಯ ವಾಲ್ವನ್ನು ತುಸು ಅದುಮಿ ನಿಧಾನವಾಗಿ ತೆಗೆಯಬಹುದು. ಬಾವಿಯಿಂದ ಬರುವ ಕೊಳವೆಯನ್ನು ಎಂದೂ ಅದುಮಬಾರದು. ಹೂಳು ತುಂಬಿದ್ದರೆ ತೆಗೆಸಬೇಕು. ಇಲ್ಲಿ ಮಾತ್ರ ನನ್ನ ದನಿ ಕೊಂಚ ಗಡುಸಾದರೆ ಕ್ಷಮಿಸಿ. ಬಹುದಿನ ಯಾರೂ ಇಳಿಯದ ಬಾವಿಯ ತಳದಲ್ಲಿ ಉಸಿರಾಡಲು ಯೋಗ್ಯವಲ್ಲದ ಗಾಳಿ ನಿಂತಿರಬಹುದು. ಅದಕ್ಕೆ ಬಣ್ಣವಿಲ್ಲ, ಎಷ್ಟೋ ವೇಳೆ ವಾಸನೆಯೂ ಇಲ್ಲ. ದೀಪ ಇಳಿಸಿ ನೋಡುವ ಹಳೆಯ ಪದ್ಧತಿಯನ್ನು ನಂಬಿ ಕೂರಬೇಡಿ: ದೀಪ ಉರಿಯುತ್ತಿದ್ದರೂ ವಿಷಗಾಳಿ ಇರಬಲ್ಲುದು, ಹೊತ್ತಿಕೊಳ್ಳುವ ಗಾಳಿಯಿದ್ದರೆ ದೀಪವೇ ಅಪಾಯ. ಎಣ್ಣೆಯ ಎಂಜಿನನ್ನು ಬಾವಿಯೊಳಗಿಟ್ಟು ಓಡಿಸಿದರೆ ಅದರ ಹೊಗೆಯೇ ಕೊಲ್ಲುತ್ತದೆ. ಒಬ್ಬ ಒರಗಿದನೆಂದು ಇನ್ನೊಬ್ಬ ಇಳಿದು ಇಬ್ಬರೂ ಹೋದ ಸಂಗತಿಗಳನ್ನು ತಾವೂ ಪತ್ರಿಕೆಯಲ್ಲಿ ಓದಿದ್ದೀರಿ. ಗಾಳಿಯನ್ನು ಅಳೆಯುವ, ಹೊಸ ಗಾಳಿ ಊದುವ ಸಲಕರಣೆಯುಳ್ಳವರಿಗೇ ಆ ಕೆಲಸ ಕೊಡಿ. ಮನೆಯ ಹುಡುಗನನ್ನು ಇಳಿಸಬೇಡಿ.

ಅಕ್ಕನ ಬಾವಿಯ ನೀರು ಆ ತಿಂಗಳ ಕೊನೆಗೆ ಇನ್ನೂ ಎರಡಡಿ ಇಳಿಯಿತು. ಬೆಳಿಗ್ಗೆ ಇಪ್ಪತ್ತು ನಿಮಿಷ, ಸಂಜೆ ಇಪ್ಪತ್ತು ನಿಮಿಷ ಎಂದು ಎರಡು ಹೊತ್ತಿಗೆ ಹಂಚಿಕೊಂಡಳು; ಮಳೆ ಹಿಡಿಯುವವರೆಗೆ ಹೇಗೋ ನಡೆಯಿತು. ಬ್ಯಾಂಕಿನ ಹಣ ಬ್ಯಾಂಕಿನಲ್ಲೇ ಉಳಿದು ಜೂನಿನಲ್ಲಿ ಕಾಲೇಜಿಗೆ ಸಂದಿತು. ರಾಟೆ ಹಗ್ಗಗಳನ್ನು ಇನ್ನು ತೆಗೆದಿಡಲೇ ಎಂದು ಭಾವನವರು ಕೇಳಿದರು. "ಇರಲಿ ಬಿಡಿ, ಕರೆಂಟು ಹೋದ ದಿನಕ್ಕೆ ಬೇಕು" ಎಂದಳು ಅಕ್ಕ.