ಎಣ್ಣೆ ಸೋರುವ ಜಾಗ

ಬೈಲಹೊಂಗಲ, ಸವದತ್ತಿಯ ಎರೆಭೂಮಿಯಲ್ಲೂ ಕಿತ್ತೂರು, ರಾಮದುರ್ಗದ ದಾರಿಗಳಲ್ಲೂ ಓಡುವ ಮೋಟಾರ್ ಸೈಕಲ್ಲಿನ ಎಂಜಿನ್ನಿನಿಂದ ಆಯಿಲ್ ಜಿನುಗತೊಡಗಿದರೆ, ಅದರ ಮೇಲೆ ಧೂಳು ಕೂತು ಕಪ್ಪು ಜಿಡ್ಡಾಗಿ ಸೋರಿಕೆಯ ಮೂಲವೇ ಮುಚ್ಚಿಹೋಗುತ್ತದೆ. ಆಯಿಲ್ ತನ್ನ ಭಾರದಿಂದ ಕೆಳಕ್ಕೂ ಎದುರುಗಾಳಿಯಿಂದ ಹಿಂದಕ್ಕೂ ಹರಿಯುವುದರಿಂದ ಹನಿ ಬೀಳುವ ಜಾಗ ಬೇರೆ, ಸೋರುವ ಜಾಗ ಬೇರೆ. ಹನಿ ಕಂಡಲ್ಲೇ ಬೋಲ್ಟು ಬಿಗಿಯುವ ಅವಸರ ಬಹುಪಾಲು ವ್ಯರ್ಥ, ಅಲ್ಯುಮಿನಿಯಂ ಕವಚದ ಥ್ರೆಡ್ ಹಾಳಾದರೆ ನಷ್ಟವೂ ಹೌದು. ಎಂಜಿನ್ ಆರಿದ ಮೇಲೆ ಸೀಮೆಎಣ್ಣೆಯಿಂದ ತೊಳೆದು, ಒರೆಸಿ ಒಣಗಿಸಿ, ಮುಖಕ್ಕೆ ಹಚ್ಚುವ ಪೌಡರನ್ನು ತೆಳ್ಳಗೆ ಉದುರಿಸಿ ಸ್ವಲ್ಪ ದೂರ ಓಡಿಸಿದರೆ, ಬಿಳಿಪುಡಿಯ ಮೇಲೆ ಮೂಡುವ ಒದ್ದೆ ಗೆರೆಯ ತೀರ ಮೇಲಿನ ತುದಿಯಲ್ಲಿ ಮೂಲವನ್ನು ಹುಡುಕಬಹುದು. ಅಲ್ಲಿ ಸಾಮಾನ್ಯವಾಗಿ ಕೆಟ್ಟಿರುವುದು ಗ್ಯಾಸ್ಕೆಟ್, ಅಂದರೆ ಎರಡು ಲೋಹಭಾಗಗಳ ನಡುವಿನ ತೆಳು ಹಾಳೆ, ಇಲ್ಲವೇ ಆಯಿಲ್ ಸೀಲ್, ಅಂದರೆ ತಿರುಗುವ ದಂಡದ ಸುತ್ತಲಿನ ರಬ್ಬರ್ ಬಳೆ. (ಮೈಸೂರಿನಲ್ಲಿ 1996ರವರೆಗೆ ತಯಾರಾದ ಯೆಜ್ಡಿಯಂಥ ಟೂ-ಸ್ಟ್ರೋಕ್ ಗಾಡಿಗಳಲ್ಲಿ ಎಂಜಿನ್ ಆಯಿಲ್ ಪೆಟ್ರೋಲಿನೊಡನೆಯೇ ಉರಿದುಹೋಗುವುದರಿಂದ, ಅಲ್ಲಿ ಸೋರುವುದು ಗೇರ್ ಆಯಿಲ್.) ಗ್ಯಾಸ್ಕೆಟ್ ಇಲ್ಲವೇ ಸೀಲನ್ನು ಬದಲಿಸಿದರೂ ಸೋರಿಕೆ ಮರುಕಳಿಸಿದರೆ ಎಂಜಿನ್ನಿನ ಒಳಒತ್ತಡವನ್ನು ಹೊರಬಿಡುವ ಬ್ರೀದರ್ ಕೊಳವೆಯನ್ನು ಪರೀಕ್ಷಿಸಬೇಕು, ಅದು ಕಟ್ಟಿಕೊಂಡಿದ್ದರೆ ಆ ಒತ್ತಡವು ಹೊಸ ಸೀಲಿನ ಅಂಚಿನಿಂದಲೂ ಆಯಿಲನ್ನು ಹೊರದೂಡುತ್ತದೆ.